ಹುಡುಕಿದವರಿಗೆ ಸಿಗಬೇಕು!

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಈಗ ಪುಸ್ತಕದ ಬೀರುಗಳ ಜೊತೆಗೆ ಡಿಜಿಟಲ್ ಭಂಡಾರಗಳೂ ಇವೆ. ಅವನ್ನು ಕಟ್ಟಿ ಕಾಯುವ ತಂತ್ರಾಂಶ ತಜ್ಞರ ಕೆಲಸ ಎಂಥದು? ಅದಕ್ಕೆ ಏನು ಓದಬೇಕು? ಕನ್ನಡ ಚೆನ್ನಾಗಿ ಬಲ್ಲ ವಿದ್ಯಾರ್ಥಿಗೆ ಅಲ್ಲಿ ಯಾವ ಜಾಗವಿದೆ?

ಹಾಸನದಿಂದ ಹೊಳೆನರಸೀಪುರದ ದಾರಿ ಹಿಡಿದವರಿಗೆ ಮೊಸಳೆ ಎಂಬ ಊರು ಗೊತ್ತಿರುತ್ತದೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಹೊಯ್ಸಳರ ಕಾಲದ ನಾಗೇಶ್ವರ ಮತ್ತು ಚೆನ್ನಕೇಶವ ದೇವಾಲಯಗಳು ಇಲ್ಲಿ ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲೇ ನಿಂತಿವೆ. ಬೇಲೂರು ಹಳೇಬೀಡಿಗೆ ಹೋಗುವ ಜನಸಾಗರದಲ್ಲಿ ಒಂದು ಹನಿಯೂ ಇತ್ತ ಹರಿಯುವುದು ಅಪರೂಪ.

ಈ ಗುಡಿಗಳ ಬಗ್ಗೆ ಪ್ರಬಂಧ ಬರೆಯಬೇಕಾದ ಪದವಿ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಗಣಕಯಂತ್ರದ ಮುಂದೆ ಕುಳಿತು ‘ಮೊಸಳೆ’ ಎಂದು ಒತ್ತುತ್ತಾಳೆ. ತೆರೆಯ ಮೇಲೆ ಬಾಯಿ ತೆರೆದ ಮೊಸಳೆ, ನದಿ ದಂಡೆಯ ಮೊಸಳೆ, ಮೊಸಳೆಯ ಕಣ್ಣೀರು! ಯಂತ್ರದ ತಪ್ಪೇನೂ ಇಲ್ಲ. ಮೊಸಳೆ ಎಂದರೆ ಪ್ರಾಣಿಯೂ ಹೌದು, ಊರೂ ಹೌದು ಎಂದು ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೆ. ಹಾಸನ ಜಿಲ್ಲೆಯ ಹೊಯ್ಸಳ ವಾಸ್ತುವಿನ ಮೇಲೆ ಯಾರೋ ಐದಾರು ವರ್ಷ ಬೆವರು ಸುರಿಸಿ ಬರೆದ ಪಿಎಚ್.ಡಿ. ಪ್ರಬಂಧದಲ್ಲಿ ಮೊಸಳೆಗೆಂದೇ ಒಂದು ಅಧ್ಯಾಯ ಇದ್ದರೂ ಇರಬಹುದು. ಆದರೆ ಆ ಸಂಗತಿಯನ್ನು ಗುರುತು ಮಾಡಿ ಇಡದಿದ್ದರೆ, ಪ್ರಬಂಧ ಇದ್ದೂ ಇಲ್ಲದಂತೆ.

ಇದ್ದದ್ದು ಹುಡುಕಿದವರಿಗೆ ಸಿಗುವಂತೆ ಮಾಡುವುದೇ ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರದಲ್ಲಿ ದುಡಿಯುವ ತಂತ್ರಾಂಶ ತಜ್ಞನ ಕೆಲಸ. ಮಕ್ಕಳ ಭವಿಷ್ಯದ ಲೆಕ್ಕಾಚಾರದಲ್ಲಿ ತಂದೆ ತಾಯಿಯರು ಸಾಮಾನ್ಯವಾಗಿ ಈ ವೃತ್ತಿಯ ಹೆಸರನ್ನೇ ಕೇಳಿರುವುದಿಲ್ಲ. ‘ಎಂಜಿನಿಯರಿಂಗ್ ಓದಿ ಲೈಬ್ರರಿಯಲ್ಲಿ ಕೂರುವುದೇ?’ ಎಂದು ಹುಬ್ಬೇರಿಸುವವರೂ ಉಂಟು. ಆದ್ದರಿಂದ ಈ ಕೆಲಸದ ಒಳಹೊರಗನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು.

ಬೀರುವಿನಿಂದ ಭಂಡಾರಕ್ಕೆ

ಹಿಂದೆಲ್ಲ ಒಂದು ಪಿಎಚ್.ಡಿ. ಪ್ರಬಂಧ ಸಿದ್ಧವಾದರೆ ನಾಲ್ಕೈದು ಪ್ರತಿ ಬೆರಳಚ್ಚು ಮಾಡಿಸಿ, ರಟ್ಟು ಹಾಕಿಸಿ ಒಪ್ಪಿಸುತ್ತಿದ್ದರು. ಒಂದು ಪ್ರತಿ ಮಾರ್ಗದರ್ಶಕರ ಮನೆಗೆ, ಒಂದು ಪರೀಕ್ಷಾ ವಿಭಾಗಕ್ಕೆ, ಒಂದು ಗ್ರಂಥಾಲಯದ ಬೀರುವಿಗೆ. ಬೀರುವಿಗೆ ಬೀಗ. ಧಾರವಾಡದಲ್ಲಿ ಆದ ಸಂಶೋಧನೆ ಮೈಸೂರಿನವರಿಗೆ ಗೊತ್ತಾಗುತ್ತಿರಲಿಲ್ಲ. ಒಂದೇ ವಿಷಯದ ಮೇಲೆ ಎರಡು ಕಡೆ ಇಬ್ಬರು ಬೆವರು ಸುರಿಸಿದರೂ ಕೇಳುವವರಿರಲಿಲ್ಲ. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದರಂತೂ ಕಂಡುಹಿಡಿಯುವುದು ಇನ್ನೂ ಕಷ್ಟ.

ಈ ಬೀಗ ತೆಗೆಯುವ ಕೆಲಸದಲ್ಲಿ ಕರ್ನಾಟಕ ಇಡೀ ದೇಶಕ್ಕೇ ಮುಂದಾಳಾಗಿತ್ತು ಎಂಬುದು ಹೆಮ್ಮೆಯ ಸಂಗತಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಎಂಬ ಯೋಜನೆ ಆರಂಭವಾಯಿತು. ಭಾರತದ ಸಂಶೋಧನಾ ಪ್ರಬಂಧಗಳನ್ನು ಗಣಕದಲ್ಲಿ ಒಂದೆಡೆ ಕಾಣುವಂತೆ ಮಾಡುವುದು ಅದರ ಗುರಿ. ಇಂಗ್ಲಿಷ್ ಪ್ರಬಂಧಗಳಷ್ಟೇ ಸಾಲದು, ಕನ್ನಡ, ಹಿಂದಿ ಪ್ರಬಂಧಗಳ ವಿವರ ಆಯಾ ಲಿಪಿಯಲ್ಲೇ ಇರಬೇಕು ಎಂದು ಅಂದೇ ಹಟ ಹಿಡಿದದ್ದು ಆ ತಂಡದ ವಿಶೇಷ. ಭಾರತೀಯ ಲಿಪಿಗಳನ್ನು ಯೂನಿಕೋಡ್‌ನಲ್ಲಿ ಕೂಡಿಸಿದ ತಮ್ಮ ಅನುಭವವನ್ನು 2002ರಲ್ಲಿ ಸಿಂಗಪುರದಲ್ಲಿ ನಡೆದ ಏಷ್ಯಾದ ಡಿಜಿಟಲ್ ಗ್ರಂಥಾಲಯಗಳ ಸಮ್ಮೇಳನದಲ್ಲಿ ಮೈಸೂರಿನವರು ಮಂಡಿಸಿದರು. ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಲ್ಲಿನ ವಿಜ್ಞಾನಿಗಳ ಲೇಖನಗಳ ತೆರೆದ ಭಂಡಾರ ಶುರುವಾಯಿತು. ದೇಶದ ಮೊದಲ ಸಾಂಸ್ಥಿಕ ಭಂಡಾರವೆಂದು ಹೆಸರಾದದ್ದು ಅದೇ.

ನಂತರ ಬಂತು ಯುಜಿಸಿಯ 2009ರ ನಿಯಮ. ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನೂ ಒಪ್ಪಿಸಬೇಕೆಂದು ಅದು ವಿಧಿಸಿತು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಕೂಡಿಡುತ್ತಿದೆ. ಇಂದು ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ಮೊಸಳೆಹೊಸಹಳ್ಳಿಯ ಮನೆಯಲ್ಲಿ ಕುಳಿತ ವಿದ್ಯಾರ್ಥಿಯೂ ಕಾಸಿಲ್ಲದೆ ಓದಬಹುದು.

ಬಂಡೆಯಂಥ ಕಡತ, ಚೀಟಿಯಂಥ ವಿವರ

ಹಾಗಾದರೆ ತಂತ್ರಾಂಶ ತಜ್ಞನಿಗೆ ಇಲ್ಲೇನು ಕೆಲಸ? ಪ್ರಬಂಧವನ್ನು ಗಣಕಕ್ಕೆ ಏರಿಸಿದರೆ ಮುಗಿಯಿತಲ್ಲ ಎನ್ನಬಹುದು. ಕಣಜಕ್ಕೆ ರಾಗಿ ಸುರಿದಂತಲ್ಲ ಇದು. ಕಣಜದ ರಾಗಿಯಲ್ಲಿ ಯಾವ ಕಾಳು ಕೈಗೆ ಬಂದರೂ ನಡೆಯುತ್ತದೆ. ಭಂಡಾರದಲ್ಲಿ ಬೇಕಾದ ಒಂದೇ ಕಾಳು ಕೈಗೆ ಬರಬೇಕು.

ಅದಕ್ಕಾಗಿ ಪ್ರತಿ ಕಡತಕ್ಕೂ ಒಂದು ವಿವರಚೀಟಿ ಅಂಟಿಸುತ್ತಾರೆ. ಶೀರ್ಷಿಕೆ ಏನು, ಬರೆದವರು ಯಾರು, ಯಾವ ವರ್ಷ, ಯಾವ ಭಾಷೆ, ವಿಷಯ ಯಾವುದು, ಯಾವ ಊರಿಗೆ ಅಥವಾ ಯಾವ ಕಾಲಕ್ಕೆ ಸಂಬಂಧಿಸಿದ್ದು, ಹಕ್ಕು ಯಾರದು. ಇದಕ್ಕೆ ಮೆಟಾಡೇಟಾ ಎಂದು ಹೆಸರು. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ಸೇರಿದ ತಜ್ಞರು ಹಾಕಿದ ತಳಹದಿಯ ಮೇಲೆ ‘ಡಬ್ಲಿನ್ ಕೋರ್’ ಎಂಬ 15 ಅಂಶಗಳ ಪಟ್ಟಿ ರೂಪುಗೊಂಡಿತು. ಜಗತ್ತಿನ ಬಹಳಷ್ಟು ಭಂಡಾರಗಳು ಇಂದು ಅದನ್ನೇ ಆಧರಿಸಿವೆ. ಅದರಲ್ಲಿ ಸ್ಥಳ ಮತ್ತು ಕಾಲವನ್ನು ಹೇಳುವ ಅಂಶವೂ ಒಂದು. ಅಲ್ಲಿ ‘ಮೊಸಳೆ, ಹಾಸನ ಜಿಲ್ಲೆ’ ಎಂದು ಯಾರಾದರೂ ತುಂಬಿದ್ದರೆ ನಮ್ಮ ವಿದ್ಯಾರ್ಥಿನಿಯ ಮುಂದೆ ಪ್ರಾಣಿಗಳ ಮೆರವಣಿಗೆ ಬರುತ್ತಲೇ ಇರಲಿಲ್ಲ!

ಕಡತ ಮತ್ತು ಚೀಟಿಗಳನ್ನು ಒಟ್ಟಿಗೆ ಇಡುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಡಿಸ್ಪೇಸ್’. ಅಮೆರಿಕದ ಎಂಐಟಿಯ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿಯ ಪ್ರಯೋಗಾಲಯ ಸೇರಿ 2002ರಲ್ಲಿ ಇದನ್ನು ಬಿಡುಗಡೆ ಮಾಡಿದವು. ಶೋಧಗಂಗಾ ನಡೆಯುವುದೂ ಇದರ ಮೇಲೆಯೇ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ‘ಈಪ್ರಿಂಟ್ಸ್’ ಇನ್ನೊಂದು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ಆರಿಸಿಕೊಂಡದ್ದು ಅದನ್ನು. ಇವೆರಡೂ ಮುಕ್ತ ತಂತ್ರಾಂಶಗಳು. ಅಂದರೆ ಕೊಳ್ಳಲು ದುಡ್ಡು ಬೇಡ. ಒಳಗಿನ ಬರವಣಿಗೆಯನ್ನು ಓದಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಲೂಬಹುದು. ಈ ‘ತಿದ್ದಿಕೊಳ್ಳುವುದು’ ಎಂಬಲ್ಲೇ ತಜ್ಞನ ಕೈಚಳಕ ಬೇಕಾಗುವುದು. ಕೆಳಗೆ ದತ್ತಾಂಶದ ಕೋಶ, ನಡುವೆ ಜಾವಾ ಭಾಷೆಯಲ್ಲಿ ಬರೆದ ಯಂತ್ರಾಂಗ, ಮೇಲೆ ಓದುಗರಿಗೆ ಕಾಣುವ ಪುಟ, ಪಕ್ಕದಲ್ಲಿ ಹುಡುಕಾಟಕ್ಕೆಂದೇ ಸಿದ್ಧಪಡಿಸಿದ ಸೂಚಿ. ಹೀಗೆ ಪದರ ಪದರವಾಗಿರುವ ಈ ಕಟ್ಟಡದ ಪ್ರತಿ ಪದರವನ್ನೂ ಆತ ಬಲ್ಲವನಾಗಿರಬೇಕು. 2021ರಲ್ಲಿ ಬಂದ ಡಿಸ್ಪೇಸ್‌ನ ಏಳನೆಯ ಆವೃತ್ತಿಯಲ್ಲಿ ಓದುಗರಿಗೆ ಕಾಣುವ ಭಾಗವನ್ನು ಬುಡಮಟ್ಟ ಬದಲಾಯಿಸಲಾಯಿತು. ಹಳೆಯದರಲ್ಲಿ ಪಳಗಿದವರೂ ಹೊಸದಾಗಿ ಪಾಠ ಹೇಳಿಸಿಕೊಳ್ಳಬೇಕಾಯಿತು.

ಇನ್ನೊಂದು ಜವಾಬ್ದಾರಿ ವಿಳಾಸದ್ದು. ಜಮೀನು ಅಪ್ಪನಿಂದ ಮಗನಿಗೆ, ಮಗನಿಂದ ಬೇರೆಯವರಿಗೆ ಹೋದರೂ ಸರ್ವೆ ನಂಬರು ಹಾಗೆಯೇ ಇರುತ್ತದಲ್ಲವೆ? ಭಂಡಾರದ ಪ್ರತಿ ಕಡತಕ್ಕೂ ಅಂಥದೇ ಒಂದು ಕಾಯಂ ಸಂಖ್ಯೆ ಕೊಡುತ್ತಾರೆ. ಯಂತ್ರ ಬದಲಾದರೂ, ವಿಶ್ವವಿದ್ಯಾಲಯದ ಅಂತರಜಾಲ ವಿಳಾಸ ಬದಲಾದರೂ ಆ ಸಂಖ್ಯೆ ಹಿಡಿದು ಹೋದವರು ಅದೇ ಪ್ರಬಂಧಕ್ಕೆ ತಲುಪಬೇಕು. ಹತ್ತು ವರ್ಷದ ಹಿಂದೆ ಯಾರೋ ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ಕೊಟ್ಟ ಕೊಂಡಿ ಇಂದು ‘ಪುಟ ಸಿಗಲಿಲ್ಲ’ ಎಂದರೆ ಅದು ಈ ವೃತ್ತಿಯವರಿಗೆ ತಲೆ ತಗ್ಗಿಸುವ ವಿಷಯ.

ಕನ್ನಡದ ಕಗ್ಗಂಟು

ಇಷ್ಟು ಕೆಲಸ ಲಂಡನ್ನಿನಲ್ಲೂ ಇದೆ, ಬೋಸ್ಟನ್ನಿನಲ್ಲೂ ಇದೆ. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಹೊರೆ ಉಂಟು. ಅದು ಕನ್ನಡದ್ದು. ಹೊರೆ ಎನ್ನುವುದಕ್ಕಿಂತ ಅವಕಾಶ ಎಂದರೆ ಸರಿಯಾದೀತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೆ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಕರ್ನಾಟಕ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿದ್ದು 2012ರಲ್ಲಿ. ನಡುವಿನ ವರ್ಷಗಳಲ್ಲಿ ಕನ್ನಡ ಪ್ರಬಂಧಗಳು ಬೆರಳಚ್ಚಾದದ್ದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಂದಿನ ಫಾಂಟ್‌ಗಳಲ್ಲಿ. ಅವು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಅಂದಿನ ಗಣಕಗಳಲ್ಲಿ ಕನ್ನಡ ಉಳಿಯಲು ಅದೇ ದಾರಿಯಾಗಿತ್ತು, ಅದರಿಂದ ಉಪಕಾರವೂ ಆಯಿತು. ಆದರೆ ಇಂದು ಅಂಥ ಪ್ರಬಂಧದಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿದರೆ ಕಾಣುವುದು ಕನ್ನಡವಲ್ಲ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಕಣ್ಣಿಗೆ ಅಂದವಾಗಿ ಕಾಣುವ ಪುಟದಲ್ಲಿ ಹುಡುಕುವ ಯಂತ್ರಕ್ಕೆ ಒಂದೇ ಒಂದು ಕನ್ನಡ ಪದವೂ ಕಾಣದು!

ಇದನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮ್ ಬರೆಯುವುದು ಭಂಡಾರದ ತಜ್ಞನ ಪಾಲಿಗೆ ಬರುವ ಮೊದಲ ಕೆಲಸಗಳಲ್ಲಿ ಒಂದು. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. ‘ಧರ್ಮ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬರೆಯುವಾಗ ಅರ್ಕಾವೊತ್ತು ಮಕಾರದ ನಂತರ ಬರುತ್ತದೆ. ಹಳೆಯ ಫಾಂಟ್‌ಗಳೂ ಕಣ್ಣಿಗೆ ಕಂಡ ಕ್ರಮದಲ್ಲೇ ಇಡುತ್ತಿದ್ದವು. ಯೂನಿಕೋಡ್ ಹಾಗಲ್ಲ. ನಾಲಿಗೆ ನುಡಿಯುವ ಕ್ರಮದಲ್ಲಿ ಮೊದಲು ರಕಾರ, ಆಮೇಲೆ ಮಕಾರ. ಕನ್ನಡದ ಕಾಗುಣಿತ, ಒತ್ತಕ್ಷರಗಳ ಗುಟ್ಟು ಬಲ್ಲವನಿಗೆ ಮಾತ್ರ ಈ ಹಿಂದುಮುಂದು ಸರಿಪಡಿಸಲು ಸಾಧ್ಯ.

ಯೂನಿಕೋಡಿಗೆ ಬಂದ ಮೇಲೂ ನೆಮ್ಮದಿಯಿಲ್ಲ. ‘ಕೊ’ ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಶೇಖರಿಸಬಹುದು. ಒಕಾರದ ಚಿಹ್ನೆಗೆ ಒಂದೇ ಸಂಕೇತ ಬಳಸುವುದು ಒಂದು ಬಗೆ. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಯ ಎರಡು ಸಂಕೇತ ಜೋಡಿಸುವುದು ಇನ್ನೊಂದು. ನೋಡಲು ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಬೇರೆ ಬೇರೆ. ‘ಕೊಡಗು’ ಎಂದು ಹುಡುಕಿದವರಿಗೆ ಅರ್ಧ ಪುಸ್ತಕಗಳು ಸಿಕ್ಕಿ ಇನ್ನರ್ಧ ಮಾಯವಾಗಬಹುದು. ಹೀಗಾಗಿ ಎಲ್ಲವನ್ನೂ ಮೊದಲೇ ಏಕರೂಪಕ್ಕೆ ತಂದು ಸೂಚಿ ಸಿದ್ಧಪಡಿಸಬೇಕು.

ಇನ್ನು ವ್ಯಾಕರಣ. ಇಂಗ್ಲಿಷಿನಲ್ಲಿ ಊರಿನ ಹೆಸರು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕನ್ನಡದಲ್ಲಿ ಮೊಸಳೆಯ, ಮೊಸಳೆಗೆ, ಮೊಸಳೆಯಲ್ಲಿ, ಮೊಸಳೆಯಿಂದ ಎಂದು ವಿಭಕ್ತಿಗಳು ಬಾಲ ಕಟ್ಟಿಕೊಂಡು ಬರುತ್ತವೆ. ಬಾಲ ಕತ್ತರಿಸಿ ಮೂಲಪದ ಹಿಡಿಯುವ ನಿಯಮಗಳು ಇಂಗ್ಲಿಷಿಗೆ ಸಿದ್ಧವಾಗಿ ಸಿಗುತ್ತವೆ. ಕನ್ನಡಕ್ಕೆ ಬಹುಮಟ್ಟಿಗೆ ನಾವೇ ಬರೆದುಕೊಳ್ಳಬೇಕು. ಅವಸರದಲ್ಲಿ ಕತ್ತರಿ ಆಡಿಸಿದರೆ ಮೊಸಳೆಹೊಸಹಳ್ಳಿಯೂ ಮೊಸಳೆಯೂ ಒಂದೇ ಆಗಿ ಕುಳಿತಾವು. ಪಿಯುಸಿಯಲ್ಲಿ ‘ಕನ್ನಡ ವ್ಯಾಕರಣ ಯಾವ ಕೆಲಸಕ್ಕೆ ಬರುತ್ತದೆ?’ ಎಂದು ಗೊಣಗುವ ವಿಜ್ಞಾನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಹೆಸರುಗಳ ಗೊಂದಲ ಇನ್ನೊಂದು ಬಗೆಯದು. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲೇ ಹೊತ್ತ ಅನಕೃ ಒಂದು ಪುಸ್ತಕದಲ್ಲಿ ‘ಅನಕೃ’, ಇನ್ನೊಂದರಲ್ಲಿ ‘ಅ.ನ. ಕೃಷ್ಣರಾಯ’, ಮತ್ತೊಂದರಲ್ಲಿ ‘ಎ.ಎನ್. ಕೃಷ್ಣರಾವ್’. ಗೊರೂರು ರಾಮಸ್ವಾಮಿ ಅಯ್ಯಂಗಾರರು ಜನರ ಬಾಯಲ್ಲಿ ಬರೀ ‘ಗೊರೂರು’. ಆದರೆ ಗೊರೂರು ಎಂದರೆ ಹೇಮಾವತಿ ಅಣೆಕಟ್ಟೆಯ ಊರೂ ಹೌದು. ಅಣೆಕಟ್ಟೆಯ ಹೂಳಿನ ಬಗೆಗಿನ ಪ್ರಬಂಧ ಬೇಕಾದವನಿಗೆ ಲಲಿತ ಪ್ರಬಂಧಗಳ ಪಟ್ಟಿ ಬಂದರೆ ಹೇಗೆ? ಆದ್ದರಿಂದ ಒಬ್ಬ ಲೇಖಕನ ಎಲ್ಲ ಹೆಸರುಗಳನ್ನೂ ಒಂದು ಗೂಟಕ್ಕೆ ಕಟ್ಟುವ ಏರ್ಪಾಡು ಬೇಕು. ಇಂದಿನ ಸಂಶೋಧಕರಿಗಂತೂ ‘ಆರ್ಕಿಡ್’ ಎಂಬ 16 ಅಂಕಿಯ ಗುರುತುಸಂಖ್ಯೆ 2012ರಿಂದ ಉಂಟು. ಹಳಬರಿಗೆ ಆ ಭಾಗ್ಯವಿಲ್ಲ; ಅವರ ಪರವಾಗಿ ಬಲ್ಲವರೇ ಕುಳಿತು ಗುರುತು ಹಚ್ಚಬೇಕು.

ಶಾಸನಗಳದ್ದೂ ಇದೇ ಕಥೆ. ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯಿಂದ ಸುಮಾರು 9,000 ಶಾಸನಗಳನ್ನು ಕಲೆಹಾಕಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಪ್ರಕಟಿಸಿದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಮುಂದೆ ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಕ್ರಮಸಂಖ್ಯೆಗಳು ಬದಲಾದವು. ಒಂದೇ ಕಲ್ಲಿಗೆ ಎರಡು ನಂಬರು! ಎರಡನ್ನೂ ಹೊಂದಿಸಿ ತೋರಿಸುವ ಸಣ್ಣದೊಂದು ಪಟ್ಟಿ ಭಂಡಾರದೊಳಗೆ ಇದ್ದರೆ ಎಷ್ಟು ಸಂಶೋಧಕರ ಎಷ್ಟು ದಿನ ಉಳಿದೀತು, ಯೋಚಿಸಿ.

ಹಳೆಯ ಮುದ್ರಿತ ಪುಸ್ತಕಗಳ ಪುಟಗಳನ್ನು ಛಾಯಾಪ್ರತಿ ತೆಗೆದಿಟ್ಟರೂ ಅವು ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆಂದೇ ‘ಲಿಪಿ ಜ್ಞಾನಿ’ ಎಂಬುದನ್ನು ರೂಪಿಸಿದೆ. ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶವೂ ಕನ್ನಡ ಓದಬಲ್ಲದು. ಇದರ ಬೆಲೆ ಚೆನ್ನಾಗಿ ಗೊತ್ತಿರುವುದು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ. ಚಿತ್ರದ ಪುಟದ ಮುಂದೆ ಅವರ ಗಣಕ ಮೂಕ. ಅಕ್ಷರದ ಪುಟವಾದರೆ ಗಟ್ಟಿಯಾಗಿ ಓದಿ ಹೇಳುತ್ತದೆ.

ಕಲ್ಲು ತಾನೇ ಉಳಿಯಿತು, ಕಡತ ಉಳಿಯದು

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತರುವವರೆಗೆ ಹದಿನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಆ ಕಲ್ಲು ಬಿಸಿಲು ಮಳೆಯಲ್ಲಿ ತನ್ನ ಪಾಡಿಗೆ ತಾನು ನಿಂತಿತ್ತು. 1995ರಲ್ಲಿ ಫ್ಲಾಪಿಯಲ್ಲಿ ಬರೆದಿಟ್ಟ ಪ್ರಬಂಧವನ್ನು ಇಂದು ಓದಲು ಯಂತ್ರ ಹುಡುಕಬೇಕು. ಡಿಜಿಟಲ್ ವಸ್ತುವಿನ ವಿಚಿತ್ರವೇ ಇದು. ಅದನ್ನು ಸುಮ್ಮನೆ ಬಿಟ್ಟರೆ ಸಾಯುತ್ತದೆ.

ಆದ್ದರಿಂದ ಭಂಡಾರದ ತಜ್ಞನ ದಿನ ಶುರುವಾಗುವುದು ರಾತ್ರಿಯ ವರದಿ ನೋಡುವುದರಿಂದ. ಪ್ರತಿ ಕಡತದ ಅಷ್ಟೂ ಅಂಶಗಳನ್ನು ಲೆಕ್ಕ ಹಾಕಿ ಒಂದು ಸಂಖ್ಯೆ ತೆಗೆದು ಮೊದಲೇ ಬರೆದಿಟ್ಟಿರುತ್ತಾರೆ. ಆಗಾಗ ಅದೇ ಲೆಕ್ಕ ಮತ್ತೆ ಹಾಕಿ ತಾಳೆ ನೋಡುತ್ತಾರೆ. ಒಂದು ಚುಕ್ಕೆ ಬದಲಾಗಿದ್ದರೂ ಸಂಖ್ಯೆ ತಾಳೆಯಾಗದು. ಆಗ ಬೇರೆ ಊರಿನಲ್ಲಿ ಇಟ್ಟಿರುವ ಪ್ರತಿಯಿಂದ ಸರಿಯಾದದ್ದನ್ನು ತಂದು ಹಾಕಬೇಕು. ಪ್ರತಿಗಳೆಲ್ಲ ಒಂದೇ ಕಟ್ಟಡದಲ್ಲಿದ್ದರೆ ಬೆಂಕಿಗೆ, ನೀರಿಗೆ ಎಲ್ಲವೂ ಒಟ್ಟಿಗೇ ಆಹುತಿಯಾದಾವು.

ಇತ್ತೀಚೆಗೆ ಇನ್ನೊಂದು ಕಾಟ ಸೇರಿದೆ. ಕೃತಕ ಬುದ್ಧಿಮತ್ತೆಗೆ ಮೇವು ಒದಗಿಸಲು ಅಂತರಜಾಲವನ್ನೆಲ್ಲ ಬಾಚಿಕೊಳ್ಳುವ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಹಗಲಿರುಳೆನ್ನದೆ ಭಂಡಾರಗಳ ಬಾಗಿಲು ಬಡಿಯುತ್ತಿವೆ. ಮುಕ್ತ ಭಂಡಾರಗಳ ಅಂತರರಾಷ್ಟ್ರೀಯ ಒಕ್ಕೂಟ 2025ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಹತ್ತು ಭಂಡಾರಗಳಲ್ಲಿ ಒಂಬತ್ತಕ್ಕೂ ಹೆಚ್ಚು ಇಂಥ ಮುತ್ತಿಗೆ ಅನುಭವಿಸಿದ್ದವು. ಯಂತ್ರಗಳ ನೂಕುನುಗ್ಗಲಿನಲ್ಲಿ ನಿಜವಾದ ವಿದ್ಯಾರ್ಥಿಗೆ ಪುಟವೇ ತೆರೆಯದು. ಬಾಗಿಲು ಮುಚ್ಚಿದರೆ ಮುಕ್ತ ಭಂಡಾರ ಎಂಬ ಹೆಸರಿಗೇ ಕುಂದು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಚನೆ ಮತ್ತೆ ತಜ್ಞನ ಹೆಗಲಿಗೇ. ಲೇಖಕರು ‘ಎರಡು ವರ್ಷ ಬಹಿರಂಗ ಬೇಡ’ ಎಂದು ಕೇಳಿದ ಪ್ರಬಂಧಗಳನ್ನು ಅವಧಿ ಮುಗಿಯುವವರೆಗೆ ಕಾಪಾಡುವುದೂ ಅವನದೇ ಹೊಣೆ.

ಸಂಬಳ ಎಷ್ಟು, ಕೆಲಸ ಎಲ್ಲಿ?

ತಂದೆ ತಾಯಿಯರ ಮೊದಲ ಪ್ರಶ್ನೆ ಇದೇ ಆಗಿರುತ್ತದೆ, ಅದು ಸಹಜವೂ ಹೌದು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಬೆಂಗಳೂರಿನ ದೊಡ್ಡ ತಂತ್ರಾಂಶ ಕಂಪನಿಗಳ ಸಂಬಳ ಇಲ್ಲಿ ನಿರೀಕ್ಷಿಸಬಾರದು. ಹುದ್ದೆಗಳೂ ಕಡಿಮೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ‘ಭಂಡಾರದ ತಂತ್ರಾಂಶ ತಜ್ಞ’ ಎಂಬ ಹುದ್ದೆಯೇ ಇರುವುದಿಲ್ಲ. ಗಣಕ ಕಲಿತ ಗ್ರಂಥಪಾಲಕರೋ, ಯೋಜನೆಯ ಅವಧಿಗೆ ಗುತ್ತಿಗೆಯ ಮೇಲೆ ಬಂದವರೋ, ಹೊರಗಿನ ಸೇವಾ ಸಂಸ್ಥೆಯವರೋ ಈ ಕೆಲಸ ನಿರ್ವಹಿಸುತ್ತಾರೆ. ಗುತ್ತಿಗೆ ಮುಗಿದು ಆತ ಹೊರಟರೆ ಅವನು ಬರೆದದ್ದನ್ನು ಅರ್ಥ ಮಾಡಿಕೊಳ್ಳುವವರಿಲ್ಲದೆ ಭಂಡಾರವೇ ಸೊರಗುವ ಅಪಾಯ ಉಂಟು. ಹೊಸಬರು ಒಂದು ಪಾಠವನ್ನು ಮೊದಲ ದಿನವೇ ಕಲಿಯಬೇಕು: ಮಾಡಿದ್ದನ್ನೆಲ್ಲ ಬರೆದಿಡಬೇಕು.

ಹಾಗೆಂದು ದಾರಿಗಳು ಇಲ್ಲವೆಂದಲ್ಲ. ಇನ್‌ಫ್ಲಿಬ್‌ನೆಟ್‌ನಂಥ ರಾಷ್ಟ್ರೀಯ ಕೇಂದ್ರಗಳು ಗಣಕ ವಿಜ್ಞಾನದವರನ್ನೂ ಗ್ರಂಥಾಲಯ ವಿಜ್ಞಾನದವರನ್ನೂ ನೇಮಿಸಿಕೊಳ್ಳುತ್ತವೆ. ಐಐಟಿ, ಐಐಎಂ, ಸಂಶೋಧನಾ ಸಂಸ್ಥೆಗಳು, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಭಂಡಾರಗಳಿವೆ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ಜೊತೆ ಎನ್ಇಟಿ ಮಾಡಿಕೊಂಡವರು ಸಹಾಯಕ ಗ್ರಂಥಪಾಲಕರಾಗಿ ಯುಜಿಸಿ ವೇತನ ಶ್ರೇಣಿಗೆ ಅರ್ಹರು. ಇಷ್ಟರ ಮೇಲೆ, ಇಲ್ಲಿ ಕಲಿತ ಲಿನಕ್ಸ್, ಜಾವಾ, ದತ್ತಾಂಶ ಕೋಶ, ಹುಡುಕಾಟದ ತಂತ್ರ ಯಾವ ಕಂಪನಿಗೆ ಹೋದರೂ ಬೆಲೆ ಬಾಳುತ್ತವೆ. ಕಲಿತದ್ದು ವ್ಯರ್ಥವಾಗುವ ಭಯವಿಲ್ಲ.

ಏನು ಓದಬೇಕು?

ದಾರಿ ಎರಡು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥಲ್ಲಿ ಬಿ.ಇ. ಅಥವಾ ಯಾವುದೇ ಕಾಲೇಜಿನಲ್ಲಿ ಬಿಸಿಎ ಓದಿ, ಆಮೇಲೆ ಗ್ರಂಥಾಲಯ ವಿಜ್ಞಾನದ ಕಡೆ ಹೊರಳುವುದು ಒಂದು. ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ಪದವಿಯ ನಂತರ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಜೊತೆಗೆ ಪ್ರೋಗ್ರಾಮಿಂಗ್ ಕಲಿಯುವುದು ಇನ್ನೊಂದು. ಮೈಸೂರು, ಮಂಗಳೂರು, ಕುವೆಂಪು, ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗಗಳಿವೆ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಡಿಆರ್‌ಟಿಸಿ ಕೇಂದ್ರದಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದಾದ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವಿದೆ. ಅಲ್ಲಿ ಗ್ರಂಥಾಲಯ ಮತ್ತು ಗಣಕ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ.

ಆ ಕೇಂದ್ರವನ್ನು 1962ರಲ್ಲಿ ಹುಟ್ಟುಹಾಕಿದವರು ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಓದುಗನ ಕಾಲ ಉಳಿಸಬೇಕು ಎಂಬುದೂ ಒಂದು. ಗಣಕವೇ ಇಲ್ಲದ ಕಾಲದಲ್ಲಿ ಹೇಳಿದ ಆ ಮಾತು ಇಂದಿನ ಭಂಡಾರದ ತಜ್ಞನಿಗೂ ಅಷ್ಟೇ ಅನ್ವಯಿಸುತ್ತದೆ.

ಮೈಸೂರಿನ ಇನ್ನೊಂದು ಉದಾಹರಣೆಯೂ ಇದೆ. ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಗಳ ರಾಶಿಯಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ ಇದೆ ಎಂದು 1905ರಲ್ಲಿ ಗುರುತಿಸಿದವರು ಅಲ್ಲಿನ ಗ್ರಂಥಪಾಲಕ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಕಳೆದೇ ಹೋಗಿದೆ ಎಂದು ವಿದ್ವಾಂಸರು ತಿಳಿದಿದ್ದ ಗ್ರಂಥ ಒಬ್ಬ ಗ್ರಂಥಪಾಲಕನ ಶ್ರದ್ಧೆಯಿಂದ ಜಗತ್ತಿಗೆ ಸಿಕ್ಕಿತು. ಓಲೆಗರಿ ಕಟ್ಟಿನ ಮೇಲೆ ಸರಿಯಾದ ಚೀಟಿ ಬೀಳದೆ ಹೋಗಿದ್ದರೆ ಇನ್ನೆಷ್ಟು ಕಾಲ ಕಾಯಬೇಕಿತ್ತೋ!

ಇಂದೇ ಮಾಡಬಹುದಾದ ಅಭ್ಯಾಸ

ಪದವಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಂದು ಸಾಧಾರಣ ಗಣಕ, ಅಂತರಜಾಲದ ಸಂಪರ್ಕ ಇದ್ದರೆ ಸಾಕು. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ಯಾರು ಬೇಕಾದರೂ ಕೈ ಜೋಡಿಸಬಹುದು. ಯಂತ್ರ ಯಾವ ಅಕ್ಷರಗಳಲ್ಲಿ ಎಡವುತ್ತದೆ ಎಂಬುದು ಅಲ್ಲೇ ಅರ್ಥವಾಗುತ್ತದೆ. ಡಿಸ್ಪೇಸ್ ಅನ್ನು ಕಾಲೇಜಿನ ಪ್ರಯೋಗಾಲಯದ ಯಂತ್ರದಲ್ಲಿ ಸ್ಥಾಪಿಸಿ ನೋಡಬಹುದು. ಮೊದಲ ಸಲ ಕೈಕೊಡುವುದು ಖಂಡಿತ. ಕೈಕೊಟ್ಟಾಗ ಕಾರಣ ಹುಡುಕುವುದೇ ಪಾಠ.

ಇನ್ನೂ ಸುಲಭದ್ದು ಒಂದಿದೆ. ಅದಕ್ಕೆ ಕಾಗದ ಪೆನ್ನು ಸಾಕು. ಸ್ವಂತ ಊರಿಗೆ ಸಂಬಂಧಿಸಿದ ಹತ್ತು ಬರಹಗಳನ್ನು ಪಟ್ಟಿ ಮಾಡಿ. ಊರಿನ ಶಾಸನ, ಪುರಾತತ್ವ ಇಲಾಖೆಯ ಹಳೆಯ ವರದಿಯ ಒಂದು ಪುಟ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಅಜ್ಜಿ ಹೇಳುವ ಸೋಬಾನೆ ಪದಗಳ ಹಸ್ತಪ್ರತಿ, ಏನಾದರೂ ಆಗಬಹುದು. ಪ್ರತಿಯೊಂದಕ್ಕೂ ಡಬ್ಲಿನ್ ಕೋರ್‌ನ 15 ಅಂಶಗಳನ್ನು ತುಂಬಲು ಪ್ರಯತ್ನಿಸಿ. ‘ಬರೆದವರು’ ಎಂಬಲ್ಲಿ ಸೋಬಾನೆ ಪದಕ್ಕೆ ಯಾರ ಹೆಸರು ಹಾಕುವುದು? ಅಜ್ಜಿಯದೇ, ಬರೆದುಕೊಂಡ ಮೊಮ್ಮಗಳದೇ? ಕಾಲ ಯಾವುದು? ಹಕ್ಕು ಯಾರದು? ಮೂರನೆಯ ಚೀಟಿಗೆ ಬರುವಷ್ಟರಲ್ಲಿ ತಲೆ ಕೆರೆದುಕೊಳ್ಳುವಂತಾಗುತ್ತದೆ. ದೊಡ್ಡ ಭಂಡಾರಗಳಲ್ಲಿ ಅನುಭವಿಗಳು ಪ್ರತಿದಿನ ಎದುರಿಸುವ ಪ್ರಶ್ನೆಗಳೂ ಇವೇ.

ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಗಣಕ ಗೊತ್ತಿರಬೇಕು, ಕನ್ನಡ ಗೊತ್ತಿರಬೇಕು, ಊರೂ ಗೊತ್ತಿರಬೇಕು. ಮೊದಲನೆಯದನ್ನು ಕಾಲೇಜು ಕಲಿಸುತ್ತದೆ. ಉಳಿದೆರಡನ್ನು ಮಕ್ಕಳು ಮನೆಯಿಂದಲೇ ತಂದಿರುತ್ತಾರೆ. ಮಗಳೋ ಮಗನೋ ಇಂಥ ಕೆಲಸಕ್ಕೆ ಹೋಗುತ್ತೇನೆಂದರೆ ತಂದೆ ತಾಯಿಯರು ಸಂಬಳದ ಲೆಕ್ಕ ಕೇಳಲಿ, ತಪ್ಪಿಲ್ಲ. ಜೊತೆಗೆ ಆ ಹತ್ತು ಚೀಟಿಗಳನ್ನೂ ಒಮ್ಮೆ ತರಿಸಿಕೊಂಡು ನೋಡಲಿ. ತಮ್ಮ ಊರಿನ ಬಗ್ಗೆ ತಮಗೇ ಗೊತ್ತಿಲ್ಲದ ಒಂದೆರಡು ಸಂಗತಿಗಳು ಅದರಲ್ಲಿ ಇದ್ದರೂ ಇರಬಹುದು.